ಹೆಡ್ಡು ಹೆರೆಸುವ ಮೊದಲು ಅಳೆಯಿರಿ
(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲು, ಗಿರಣಿಗಳಲ್ಲಿ ದುಡಿಯುವವರ ಸಭೆಯಲ್ಲಿ ಮೋಟಾರಿನ ಮಾತೇಕೆಂದು ಕೆಲವರಿಗೆ ಅನಿಸಬಹುದು. ಆದರೆ ಈ ಊರಿನಲ್ಲಿ ನಮ್ಮ ಕಸುಬಿಗೂ ಕಾರಿಗೂ ಹಳೆಯ ನಂಟುಂಟು. ಉಡುಪಿ ಕಡೆಯಿಂದ ಬಂದ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 1962ರಿಂದ 2008ರವರೆಗೆ ಕೆಥೆಡ್ರಲ್ ರಸ್ತೆಯಲ್ಲಿ ನಡೆಯಿತು. ಅಲ್ಲಿ ತಿಂಡಿ ಕಾರಿನ ಬಳಿಗೇ ಹೋಗುತ್ತಿತ್ತು. ಈಗ ನಮ್ಮ ಮಕ್ಕಳಲ್ಲಿ ಟ್ಯಾಕ್ಸಿ ಓಡಿಸುವವರುಂಟು, ಎಂಜಿನು ಬಿಚ್ಚುವ ಕೆಲಸ ಕಲಿಯುವವರುಂಟು. ಸಾಲ ಮಾಡಿ ಕೊಂಡ ಹಳೆಯ ಗಾಡಿ ನಿಂತರೆ ಮನೆಯ ಒಲೆಯೂ ನಿಂತಂತೆ. ಆದುದರಿಂದ ಈ ಮಾತು ನಮ್ಮದೇ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲಿರಿ. ಒತ್ತಿದ ಗಾಳಿ ಕಾಯುತ್ತದೆ. ಪೆಟ್ರೋಲು ಎಂಜಿನಿನಲ್ಲೂ ಹಾಗೆಯೇ. ಪಿಸ್ಟನ್ನು ಮೇಲೇರಿ ಪೆಟ್ರೋಲು ಬೆರೆತ ಗಾಳಿಯನ್ನು ಹೆಡ್ಡಿನ ಗುಳಿಯೊಳಗೆ ಅದುಮುತ್ತದೆ. ಅಲ್ಲಿ ಕಿಡಿ ಬೀಳುತ್ತದೆ. ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ. ಹೆಡ್ಡಿನ ತಳವನ್ನು ಯಂತ್ರಕ್ಕೆ ಕೊಟ್ಟು ಹೆರೆಸಿದರೆ ಗುಳಿ ಚಿಕ್ಕದಾಗಿ ಒತ್ತಡ ಏರುತ್ತದೆ. ಗುಟ್ಟು ಇಷ್ಟೇ.

ಮದ್ರಾಸಿಗೆ ಈ ಗುಟ್ಟು ಹೊಸದಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು 1953ರಲ್ಲಿ ಹುಟ್ಟಿತು. ನಗರದ ಉತ್ತರಕ್ಕೆ ಶೋಲಾವರಂನಲ್ಲಿ ಮಹಾಯುದ್ಧ ಕಾಲದ ವಿಮಾನನೆಲದ ಮೇಲೆ ಕಾರು ಪಂದ್ಯಗಳು ನಡೆಯುತ್ತಿದ್ದವು. ಪಂದ್ಯದ ಕಾರಿಗೆ ಹೆಡ್ಡು ಹೆರೆಸುವುದು ಎಲ್ಲ ದೇಶಗಳಲ್ಲೂ ಹಳೆಯ ಉಪಾಯ. ಆದರೆ ಪಂದ್ಯದ ಕಾರು ಕೆಲವು ಸುತ್ತು ಓಡಿ ಮತ್ತೆ ಬಿಚ್ಚಿಸಿಕೊಳ್ಳುತ್ತದೆ. ಟ್ಯಾಕ್ಸಿ ನಾಳೆ ಬೆಳಗ್ಗೆಯೂ ಓಡಬೇಕು.

ಲೆಕ್ಕ ನೋಡೋಣ. ಮುಂಬಯಿಯಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100 ಕಾರಿನ ಸಿಲಿಂಡರಿನ ಅಗಲ 68 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಒಂದೊಂದು ಸಿಲಿಂಡರು ಸುಮಾರು 272 ಘನ ಸೆಂಟಿಮೀಟರು ಎಳೆಯುತ್ತದೆ. ಒತ್ತಡದ ಪ್ರಮಾಣ 8ಕ್ಕೆ 1 ಎಂದು ಹಿಡಿದರೆ ಪಿಸ್ಟನ್ನು ಮೇಲಿದ್ದಾಗ ಉಳಿಯುವ ಜಾಗ 38.9 ಘನ ಸೆಂಟಿಮೀಟರು. 9ಕ್ಕೆ 1 ಆಗಬೇಕಾದರೆ ಅದು 34ಕ್ಕೆ ಇಳಿಯಬೇಕು. ಗುಳಿಯ ಬಾಯಿ ಸಿಲಿಂಡರಿನಷ್ಟೇ ಅಗಲವಿದ್ದರೂ 1.3 ಮಿಲಿಮೀಟರಿಗಿಂತ ಹೆಚ್ಚು ಹೆರೆಯಬೇಕಾಗುತ್ತದೆ. ಬಾಯಿ ಕಿರಿದಾದರೆ ಇನ್ನೂ ಹೆಚ್ಚು. ಇಷ್ಟು ಮಾಡಿ ಬರುವ ಲಾಭವೇನು? ಶಾಸ್ತ್ರದ ಲೆಕ್ಕದಂತೆ ನೂರಕ್ಕೆ ಮೂರೂವರೆ. ಡೊಂಕಾದ ಹೆಡ್ಡನ್ನು ಸಮ ಮಾಡಲು 0.2 ಮಿಲಿಮೀಟರು ಹೆರೆದರೆ ಪ್ರಮಾಣ 8ರಿಂದ 8.1ಕ್ಕೆ ಏರುತ್ತದೆ, ಅಷ್ಟೇ. ಆದರೆ ಹಳೆಯ ಗಾಡಿಯ ಹೆಡ್ಡನ್ನು ಹಿಂದಿನ ಮಾಲೀಕರು ಎಷ್ಟು ಸಲ ಹೆರೆಸಿದ್ದಾರೋ ಯಾರು ಬಲ್ಲರು? ಅದಕ್ಕಾಗಿಯೇ ಅಳೆಯಬೇಕು.

ಒತ್ತಡ ಮಿತಿಮೀರಿದರೆ ಕಿಡಿಯ ಉರಿ ತಲುಪುವ ಮೊದಲೇ ಮೂಲೆಯ ಗಾಳಿ ತಾನಾಗಿ ಸಿಡಿಯುತ್ತದೆ. ಕಟಕಟ ಸದ್ದು ಅದೇ. ಮೊದಲ ಮಹಾಯುದ್ಧದ ನಂತರ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಎಂಬ ಎಂಜಿನಿಯರು ಒತ್ತಡವನ್ನು ಬೇಕಾದಂತೆ ಏರಿಸಿ ಇಳಿಸಬಲ್ಲ ಎಂಜಿನು ಕಟ್ಟಿ, ಯಾವ ಪೆಟ್ರೋಲು ಎಷ್ಟು ತಾಳುತ್ತದೆಂದು ಪರೀಕ್ಷಿಸಿದರು. ನಮ್ಮ ದೇಶದ ಪೆಟ್ರೋಲಿನಿಂದ ಸೀಸವನ್ನು 2000ದಲ್ಲಿ ತೆಗೆದರು. ಸಿಡಿತ ತಡೆಯುವ ಕೆಲಸ ಈಗ ಬೇರೆ ವಸ್ತುಗಳದ್ದು. ನಮ್ಮ ಅಗ್ನಿನಕ್ಷತ್ರದ ಬಿಸಿಲಿನಲ್ಲಿ ಒಳಹೋಗುವ ಗಾಳಿಯೇ ಕಾದಿರುವುದರಿಂದ ಅಪಾಯ ಇನ್ನೂ ಹತ್ತಿರ. ಸದ್ದು ನಿಲ್ಲದಿದ್ದರೆ ಪಿಸ್ಟನ್ನು ಒಡೆಯುತ್ತದೆ, ಪ್ಯಾಕಿಂಗು ಸುಡುತ್ತದೆ.

ಆದುದರಿಂದ ಕಲಿಯುವ ಹುಡುಗರಿಗೆ ನನ್ನ ಮಾತು ಇದು. ಉಕ್ಕಿನ ನೇರಪಟ್ಟಿ ಇಟ್ಟು, ಅಡಿಯಲ್ಲಿ ತೆಳುಪಟ್ಟಿ ತೂರಿಸಿ ಡೊಂಕು ನೋಡಿರಿ. ಹೆಡ್ಡನ್ನು ಬೋರಲಾಗಿ ಮಲಗಿಸಿ, ವಾಲ್ವು, ಪ್ಲಗ್ಗು ಕೂರಿಸಿ, ತೂತುಳ್ಳ ಗಾಜು ಮುಚ್ಚಿ, ಅಳತೆಯ ನಳಿಗೆಯಿಂದ ತೆಳು ಎಣ್ಣೆ ಬಿಟ್ಟು ನಾಲ್ಕು ಗುಳಿಗಳನ್ನೂ ಅಳೆಯಿರಿ. ಪ್ಯಾಕಿಂಗಿನ ದಪ್ಪ, ಪಿಸ್ಟನ್ನಿನ ತಲೆಯ ಆಕಾರ ಎರಡನ್ನೂ ಲೆಕ್ಕಕ್ಕೆ ಸೇರಿಸಿರಿ. ಹೆರೆದ ಮೇಲೆ ವಾಲ್ವು ಪಿಸ್ಟನ್ನಿನ ಹತ್ತಿರ ಬರುತ್ತದೆ. ಪಿಸ್ಟನ್ನಿನ ಮೇಲೆ ಮೆತ್ತನೆಯ ಜೇಡಿಯಿಟ್ಟು ಎಂಜಿನನ್ನು ಕೈಯಿಂದ ತಿರುಗಿಸಿ, ಒತ್ತಿದ ಗುರುತು ನೋಡಿರಿ. ತಯಾರಕರು ಹೇಳಿದ ಕನಿಷ್ಠ ಎತ್ತರವನ್ನು ದಾಟಬೇಡಿರಿ. ದಾಟಿದ ಹೆಡ್ಡನ್ನು ಹೆರೆಸುವ ಬದಲು ಪುದುಪೇಟೆಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬೇರೊಂದನ್ನು ಹುಡುಕಿರಿ. ಅದನ್ನೂ ಅಳೆದೇ ಕೊಳ್ಳಿರಿ.

ಯಂತ್ರ ಇಟ್ಟವನು ಹೇಳಿದಷ್ಟು ಹೆರೆದು ಕೂಲಿ ಪಡೆಯುತ್ತಾನೆ. ಎಷ್ಟು ಎಂದು ಹೇಳುವವನಿಗೆ ಜವಾಬ್ದಾರಿ. ಸಾಂಬಾರಿಗೆ ಉಪ್ಪು ಕಡಿಮೆಯಾದರೆ ಹಾಕಬಹುದು, ಹೆಚ್ಚಾದರೆ ನೀರು ಬೆರೆಸಬಹುದು. ಹೆರೆದ ಲೋಹವನ್ನು ಮಾತ್ರ ಮತ್ತೆ ಅಂಟಿಸಲಾಗದು. ಹಾಗೆ ಅಳೆದು ಹೇಳಬಲ್ಲ ಹುಡುಗ ನಮ್ಮ ಸಂಘದ ಮನೆಗಳಿಂದ ಬಂದರೆ ಅವನಿಗೆ ಈ ಊರಿನಲ್ಲಿ ಕೆಲಸಕ್ಕೆ ಕೊರತೆಯಾಗದು, ಅವನನ್ನು ನಂಬಿದ ಟ್ಯಾಕ್ಸಿಯವನ ಸಂಸಾರಕ್ಕೂ ನಷ್ಟವಾಗದು.