ಸೂಜಿಗೆ ಅಂಜುವ ಕೂಸು, ಸಾವಿಗೂ ಅಂಜದ ಹರೆಯ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಕಂಪ್ಯೂಟರ್ ಬಗ್ಗೆ ಮಾತಾಡಲಿ ಎಂಬುದು ನಿಮ್ಮ ನಿರೀಕ್ಷೆ ಇರಬಹುದು. ಆದರೆ ನನ್ನ ಓರಗೆಯವರೆಲ್ಲ ಈಗ ಮಕ್ಕಳೊಂದಿಗರು. ಕೆಲವರ ಮಕ್ಕಳು ತೊಟ್ಟಿಲಲ್ಲಿದ್ದರೆ, ಕೆಲವರ ಮಕ್ಕಳು ಇದೇ ಶಾಲೆಯ ಬೆಂಚಿನ ಮೇಲಿದ್ದಾರೆ. ಅದಕ್ಕೇ ಮಕ್ಕಳ ಬಗ್ಗೆ ಮಾತಾಡುತ್ತೇನೆ. ನಾನು ವೈದ್ಯನಲ್ಲ, ತಂದೆಯಾದ ಮೇಲೆ ಓದಿ ತಿಳಿದದ್ದನ್ನಷ್ಟೇ ಹೇಳುತ್ತೇನೆ.

ಮೊದಲು ಕೂಸಿನ ಮಾತು. ಗುರುವಾರ ಬಂದರೆ ಆಶಾ ಅಕ್ಕ ಲಸಿಕೆಗೆ ಕರೆಯುತ್ತಾರೆ. "ಕೂಸು ಬಾಳ ಅಳತೈತಿ" ಎಂದು ಮುಂದಿನ ಸಲ ತಪ್ಪಿಸುವವರಿದ್ದಾರೆ. ಅಳು ನಿಮಿಷದ್ದು, ದಡಾರ, ಗಂಟಲುಮಾರಿ, ಧನುರ್ವಾಯು ಜೀವಕ್ಕೇ ಎರವಾಗುವಂಥವು. ಆ ಅಳುವನ್ನೂ ಕಡಿಮೆ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದಕ್ಕೆಂದೇ ಸಲಹೆ ಕೊಟ್ಟಿದೆ. ಹೆಚ್ಚಿನವಕ್ಕೆ ಖರ್ಚೇ ಇಲ್ಲ. ಸೂಜಿಗೆ ಸ್ವಲ್ಪ ಮುಂಚೆಯಿಂದ ಚುಚ್ಚಿ ಮುಗಿಯುವವರೆಗೆ ಎದೆಹಾಲು ಕುಡಿಸಿ. ಮಲಗಿಸಿ ಅದುಮಿ ಹಿಡಿಯಬೇಡಿ, ತೊಡೆಯ ಮೇಲೆ ಅಪ್ಪಿ ಕೂರಿಸಿಕೊಳ್ಳಿ. ಒಂದೇ ದಿನ ಎರಡು ಮೂರು ಸೂಜಿಗಳಿದ್ದರೆ ಹೆಚ್ಚು ನೋವಾಗುವುದನ್ನು ಸಿಸ್ಟರ್ ಕೊನೆಗೆ ಕೊಡಲಿ. ನಡೆದಾಡುವ ಮಗುವಿಗೆ ಗಿಲಕಿ ಆಡಿಸಿ, ಹಾಡು ಹೇಳಿ, ಲಕ್ಷ್ಯ ಬೇರೆಡೆ ಸೆಳೆಯಿರಿ. ಚುಚ್ಚುವ ಜಾಗ ತಿಕ್ಕಬೇಡಿ. ನೋವಾಗದಿರಲೆಂದು ಮೊದಲೇ ಗುಳಿಗೆ, ಔಷಧ ಕೊಡುವುದೂ ಬೇಡ.

ಇನ್ನೊಂದು ಮಾತು. "ಸುಮ್ಮನಿರ್ತಿಯೋ, ಸೂಜಿ ಮಾಡಸ್ಲೋ?" ಎಂದು ಮನೆಯಲ್ಲಿ ಹೆದರಿಸುತ್ತೇವೆ. ಆಸ್ಪತ್ರೆಯಲ್ಲಿ "ಏನೂ ಆಗಂಗಿಲ್ಲ ಬಾ" ಎಂದು ಸುಳ್ಳು ಹೇಳುತ್ತೇವೆ. ದೊಡ್ಡವರು ಒಂದೋ ಹೆದರಿಸುತ್ತಾರೆ, ಇಲ್ಲವೇ ಸುಳ್ಳು ಹೇಳುತ್ತಾರೆ ಎಂದು ಮಗು ಅಂದೇ ಕಲಿಯುತ್ತದೆ. "ಸ್ವಲ್ಪ ನೋಯ್ತೈತಿ, ನಾನು ಹಿಡಕೊಂಡಿರ್ತೀನಿ" ಎಂದರೆ ಸಾಕು.

ಯಾಕೆಂದರೆ ಅದೇ ಮಗುವಿಗೆ ನಾಳೆ ಹದಿನೈದು ತುಂಬುತ್ತದೆ. ಸೂಜಿಗೆ ಅತ್ತವನು ಹುನಗುಂದದ ಹೆದ್ದಾರಿಯಲ್ಲಿ ಒಂದೇ ಬೈಕಿನ ಮೇಲೆ ಮೂರು ಮಂದಿಯಾಗಿ ಹೋಗುತ್ತಾನೆ, ಹೆಲ್ಮೆಟ್ ಇಲ್ಲದೆ. ಬಾದಾಮಿಯ ಬಂಡೆಯ ಅಂಚಿಗೆ ನಿಂತು ಸೆಲ್ಫಿ ತೆಗೆಯುತ್ತಾನೆ. ಈಜು ಬರದಿದ್ದರೂ ಬಾಗಲಕೋಟೆಯ ಹಿನ್ನೀರಿಗೆ ಇಳಿಯುತ್ತಾನೆ. ಅಪಾಯ ಅವನಿಗೆ ಗೊತ್ತಿಲ್ಲವೆಂದಲ್ಲ. ಹರೆಯದಲ್ಲಿ ಮಿದುಳಿನ ರೋಮಾಂಚನ ಬಯಸುವ ಭಾಗ ಬೇಗ ಚುರುಕಾಗುತ್ತದೆ. ತಡೆಯುವ ಭಾಗ ಪೂರ್ತಿ ಮಾಗಲು ಇಪ್ಪತ್ತು ದಾಟಬೇಕು. 2005ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವಾಡಿಸಿ ನೋಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಹೆಚ್ಚು ಅಪಾಯ ಮೈಮೇಲೆಳೆದುಕೊಂಡರು. ವಯಸ್ಕರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಕಟ್ಟಿಹಾಕಬೇಕೇ? ನಮ್ಮ ಕೆಲಸದಲ್ಲಿ ಹೊಸ ಪ್ರೋಗ್ರಾಮನ್ನು ಮೊದಲು ಯಾರಿಗೂ ಹಾನಿಯಾಗದ ಜಾಗದಲ್ಲಿ ಓಡಿಸಿ ನೋಡುತ್ತೇವೆ. ಅಲ್ಲಿ ಕೆಟ್ಟರೂ ಚಿಂತೆಯಿಲ್ಲ. ಹರೆಯದ ಧೈರ್ಯಕ್ಕೂ ಅಂಥ ಜಾಗ ಬೇಕು: ಕಬಡ್ಡಿ, ಕುಸ್ತಿ, ಮಲ್ಲಕಂಬ, ಹಿರಿಯರ ಕಣ್ಣಳತೆಯಲ್ಲಿ ಈಜು. ಬೈಕಿನ ಕೀಲಿ ಮಾತ್ರ ಬೇಡ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆದರೆ ಹೋದ ಮಗನನ್ನು ಯಾವ ಕಾಯ್ದೆಯೂ ತಂದುಕೊಡುವುದಿಲ್ಲ. "ಎಲ್ಲಿ ಸಿಕ್ಕಿಬಿದ್ದರೂ ಫೋನ್ ಮಾಡು, ಮೊದಲು ಬಂದು ಕರಕೊಂಡು ಹೋಗ್ತೀನಿ, ಬೈಗುಳ ಆಮೇಲೆ" ಎಂದು ಇವತ್ತೇ ಮಕ್ಕಳಿಗೆ ಹೇಳಿ. ಆ ಮಾತನ್ನು ಅವರು ನಂಬಬೇಕಾದರೆ ಸೂಜಿಯ ದಿನದಿಂದಲೂ ನಾವು ನಿಜ ಹೇಳಿರಬೇಕು.

ಗುರುಗಳಲ್ಲಿ ಒಂದು ವಿನಂತಿ. ಹದಿನಾರರ ಹೊತ್ತಿಗೆ ಮಕ್ಕಳಿಗೆ ಟಿ.ಡಿ. ಲಸಿಕೆ ಕೊಡುತ್ತಾರೆ. ಗೆಳೆಯರ ಮುಂದೆ ಯಾರೂ ಅಂಜಿಕೆ ಒಪ್ಪುವುದಿಲ್ಲ. ಒಳಗೊಳಗೇ ಹೆದರಿ ತಲೆಸುತ್ತಿ ಬೀಳುವವರುಂಟು. ಪರದೆಯ ಹಿಂದೆ ಒಬ್ಬೊಬ್ಬರನ್ನೇ ಕರೆದು, ಕೂರಿಸಿ ಕೊಡಿಸಿ. ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸಿ.

ವಿದ್ಯಾರ್ಥಿಗಳೇ, ಗೆಳೆಯ ನೋಡುತ್ತಿದ್ದಾಗ ನಿಮ್ಮ ಹುರುಪು ಏರುತ್ತದೆ ಎಂದೆನಲ್ಲ, ಆ ಗೆಳೆಯರೂ ನೀವೇ. "ಬ್ಯಾಡಲೇ, ಇಳಿ" ಎನ್ನುವುದೂ ಗಂಡೆದೆಯ ಮಾತೇ. ಐವತ್ತು ವರ್ಷದಿಂದ ಈ ಶಾಲೆ ಮಕ್ಕಳನ್ನು ಬೆಳೆಸಿದೆ. ಇಲ್ಲಿ ಕುಳಿತ ನೀವೆಲ್ಲರೂ ಮುಂದೊಂದು ದಿನ ಹೀಗೇ ಹಳೆಯ ವಿದ್ಯಾರ್ಥಿಗಳಾಗಿ ಈ ಅಂಗಳಕ್ಕೆ ಬರಬೇಕು, ಒಬ್ಬರೂ ಕಡಿಮೆಯಾಗದೆ.