ತಿದ್ದಿದ ಅಂಕಿ, ಮಣ್ಣಿನ ಸಾಕ್ಷ್ಯ



ಕ್ರಿ.ಶ. 9ರಲ್ಲಿ ರೋಮನ್ ಸೇನಾನಿ ವಾರುಸನ ಮೂರು ಲೀಜನ್‌ಗಳು ಜರ್ಮನರ ಕಾಡುನಾಡಿನಲ್ಲಿ ನಾಶವಾದವು. ಕೆಲವು ವರ್ಷಗಳ ಪ್ರತೀಕಾರದ ಯುದ್ಧಗಳ ಬಳಿಕ ರೋಮನ್ನರು ರೈನ್ ನದಿಗೆ ಹಿಂದೆ ಸರಿದರು. ಉತ್ತರದ ಆ ಒಳನಾಡಿಗೆ ಮತ್ತೆಂದೂ ದೊಡ್ಡ ದಂಡು ಹೋಗಲಿಲ್ಲವೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಹುಕಾಲ ನೆಲೆಸಿತ್ತು.

ಇದಕ್ಕೆ ಅಡ್ಡಬಂದದ್ದು ಒಂದು ಅಂಕಿ. ‘ಹಿಸ್ಟೋರಿಯಾ ಆಗಸ್ಟಾ’ ಎಂಬ ಲ್ಯಾಟಿನ್ ಗ್ರಂಥದ ಹಸ್ತಪ್ರತಿಗಳು, ಕ್ರಿ.ಶ. 235ರಲ್ಲಿ ಪಟ್ಟಕ್ಕೆ ಬಂದ ಮ್ಯಾಕ್ಸಿಮಿನಸ್ ಥ್ರಾಕ್ಸ್ ಜರ್ಮನರ ನಾಡಿನಲ್ಲಿ 300-400 ಮೈಲಿ ಮುನ್ನಡೆದನೆನ್ನುತ್ತವೆ. ಆ ಗ್ರಂಥದಲ್ಲಿ ಕಲ್ಪಿತ ಸಂಗತಿಗಳು ಹೇರಳವಾಗಿರುವುದರಿಂದ ಶಂಕೆ ಸಹಜವೇ. ಇದು ಲಿಪಿಕಾರನ ಪ್ರಮಾದವೆಂದು ಬಗೆದ ಸಂಪಾದಕರು ಅಂಕಿಯನ್ನು 30-40 ಎಂದು ತಿದ್ದಿದರು.

2008ರಲ್ಲಿ ಮಣ್ಣು ಸಾಕ್ಷ್ಯ ನುಡಿಯಿತು. ಉತ್ತರ ಜರ್ಮನಿಯ ಹಾರ್ಜ್ ಪರ್ವತದ ಪಶ್ಚಿಮಕ್ಕೆ, ಕಾಲೆಫೆಲ್ಡ್ ಊರಿನ ಬಳಿಯ ಹಾರ್ಜ್‌ಹಾರ್ನ್ ಗುಡ್ಡದಲ್ಲಿ ಹವ್ಯಾಸಿಗಳು ಹಿಂದೆಯೇ ಹೆಕ್ಕಿದ್ದ ಕಬ್ಬಿಣದ ವಸ್ತುಗಳು ಪುರಾತತ್ತ್ವಜ್ಞರ ಕೈಸೇರಿದವು. ಅವು ರೋಮನ್ ವಸ್ತುಗಳೆಂದು ತಿಳಿದು ಗುಡ್ಡವನ್ನು ಶೋಧಿಸಲಾಗಿ, ಯಂತ್ರದಿಂದ ಹಾರಿಸಿದ ಈಟಿಗಳ ಮೊನೆಗಳು, ಬಾಣಗಳು, ಸೈನಿಕರ ಪಾದರಕ್ಷೆಗಳ ಮೊಳೆಗಳು, ಬಂಡಿಗಳ ಬಿಡಿಭಾಗಗಳು ಬೆಳಕಿಗೆ ಬಂದವು.

ಕಾಲನಿರ್ಣಯದ ಬಗೆ ತರಗತಿಗೆ ಯೋಗ್ಯವಾದ ಪಾಠ. ಮೊದಲು ದೊರೆತದ್ದು 180ರಿಂದ 192ರವರೆಗೆ ಆಳಿದ ಕೊಮೊಡಸನ ನಾಣ್ಯ. ನಾಣ್ಯವು ಯುದ್ಧದ ವರ್ಷವನ್ನು ಹೇಳುವುದಿಲ್ಲ; ಯುದ್ಧ ತನಗಿಂತ ಹಿಂದಿನದಲ್ಲವೆಂದಷ್ಟೇ ಹೇಳುತ್ತದೆ. 222ರಿಂದ 235ರವರೆಗೆ ಆಳಿದ ಸೆವೆರಸ್ ಅಲೆಕ್ಸಾಂಡರನ ನಾಣ್ಯಗಳು ಅವಧಿಯನ್ನು ಇನ್ನಷ್ಟು ಕಿರಿದಾಗಿಸಿದವು. ಡ್ಯಾನ್ಯೂಬ್ ದಡದ ಇಂದಿನ ಬೆಲ್‌ಗ್ರೇಡ್‌ನಲ್ಲಿ ನೆಲೆಸಿದ್ದ ನಾಲ್ಕನೆಯ ಲೀಜನ್‌ನ ಗುರುತು ಕೊರೆದ ಕೊಡಲಿಯೂ ದೊರೆಯಿತು. ಇದು ಮ್ಯಾಕ್ಸಿಮಿನಸನ ದಂಡಯಾತ್ರೆಯ ರಣಭೂಮಿಯೆಂಬುದು ಬಹುಪಾಲು ವಿದ್ವಾಂಸರ ಮತ. 300-400 ಮೈಲಿಯ ಮಾತು ಇದರಿಂದ ಅಕ್ಷರಶಃ ಸಿದ್ಧವಾಗದು; ಆದರೆ 30-40 ಮೈಲಿಯ ತಿದ್ದುಪಡಿ ಮಾತ್ರ ನಿಲ್ಲದಾಯಿತು.

ಇಲ್ಲೊಂದು ಸೂಕ್ಷ್ಮವುಂಟು. ತಿದ್ದಿದ ಸಂಪಾದಕರು ಹಸ್ತಪ್ರತಿಯ ಮೂಲಪಾಠವನ್ನು ಅಳಿಸಲಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸಿದರು. ಅದರಿಂದಲೇ ಮುಂದಿನವರು ಅವರ ತಪ್ಪನ್ನು ಕಾಣಬಲ್ಲವರಾದರು. ವಿದ್ಯಾರ್ಥಿಯ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಿಂದ ಗೆರೆಯೆಳೆಯುವಾಗಲೂ ಕೆಳಗಿನ ಅಕ್ಷರ ಓದಲು ಬರುವಂತಿರಲಿ. ‘ಇದು ನಿನಗೆ ಹೇಗೆ ತಿಳಿಯಿತು?’ ಎಂಬ ಪ್ರಶ್ನೆ ಆ ಗೆರೆಗಿಂತ ಮೊದಲು ಬರಲಿ.