ಕಟ್ಟೀಮನಿಯವರ ಕಾದಂಬರಿ ಮತ್ತು ನನ್ನ ನೂರು ಪುಟದ ನೋಟ್‌ಬುಕ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅದಕ್ಕೇ ಸಂಘಟಕರು ಕಂಪ್ಯೂಟರ್ ಬಗ್ಗೆ ಎರಡು ಮಾತು ಹೇಳು ಎಂದಿದ್ದರು. ಅವರ ಕ್ಷಮೆ ಕೇಳಿ ನಾನು ಬೇರೆ ವಿಷಯ ಮಾತಾಡುತ್ತೇನೆ. ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಈ ಶಾಲೆಯ ಒಂದು ಪುಸ್ತಕ ಸುಮಾರು ಇಪ್ಪತ್ತು ವರ್ಷಗಳಿಂದ ನನ್ನ ಹತ್ತಿರ ಇದೆ. ಬಸವರಾಜ ಕಟ್ಟೀಮನಿಯವರ ‘ಮಾಡಿ ಮಡಿದವರು’. ಇಂದು ಅದನ್ನು ಚೀಲದಲ್ಲಿ ತಂದಿದ್ದೇನೆ.

ನಮ್ಮ ಕಾಲದಲ್ಲಿ ಶಾಲೆಯ ಗ್ರಂಥಾಲಯ ಅಂದರೆ ಹೆಡ್‌ಮಾಸ್ತರರ ಕೋಣೆಯ ಮೂಲೆಯಲ್ಲಿದ್ದ ಒಂದು ಕಬ್ಬಿಣದ ಕಪಾಟು. ಕೀಲಿ ಕನ್ನಡ ಮಾಸ್ತರರ ಜೇಬಿನಲ್ಲಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ತೆಗೆಯುತ್ತಿದ್ದರು. 2005ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೊದಲು ನಾನು ಈ ಪುಸ್ತಕ ಒಯ್ದೆ. ಪರೀಕ್ಷೆ ಮುಗಿಯಿತು, ರಜೆ ಬಂತು, ಪಿಯುಸಿಗೆ ಬೆಳಗಾವಿಗೆ ಹೋದೆ. ಪುಸ್ತಕ ಟ್ರಂಕಿನ ತಳದಲ್ಲಿ ಉಳಿಯಿತು. ಆಗ ಅದನ್ನು ಅರ್ಧ ಮಾತ್ರ ಓದಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಕಟ್ಟೀಮನಿಯವರು ನಮ್ಮ ಜಿಲ್ಲೆಯವರೇ. 1919ರಲ್ಲಿ ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ ಹುಟ್ಟಿದರು. ಪತ್ರಕರ್ತರಾಗಿ ದುಡಿದರು, 1942ರ ಚಳವಳಿಯಲ್ಲಿ ಜೈಲು ಕಂಡರು. ಅ.ನ.ಕೃ., ತ.ರಾ.ಸು., ನಿರಂಜನ ಇವರ ಜೊತೆಗೆ ಪ್ರಗತಿಶೀಲ ಸಾಹಿತಿಗಳ ಸಾಲಿನಲ್ಲಿ ನಿಂತವರು. ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ‘ಜರತಾರಿ ಜಗದ್ಗುರು’ ಬರೆದು ಮಠಗಳೊಳಗಿನ ಕೊಳೆಯನ್ನು ಬಯಲಿಗೆ ಎಳೆದರು. 1980ರಲ್ಲಿ ಬೆಳಗಾವಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1989ರಲ್ಲಿ ತೀರಿಕೊಂಡರು. ತಮ್ಮ ಆತ್ಮಕಥೆಗೆ ‘ಕುಂದರನಾಡಿನ ಕಂದ’ ಎಂದು ಹೆಸರಿಟ್ಟರು. ಕುಂದರನಾಡು ಅಂದರೆ ಅವರು ಹುಟ್ಟಿ ಬೆಳೆದ ಸೀಮೆ. ಇಷ್ಟು ದೊಡ್ಡ ಲೇಖಕ ನಮ್ಮ ಜಿಲ್ಲೆಯವರೇ ಎಂಬುದು ನನಗೆ ಮೂವತ್ತು ವರ್ಷವಾಗುವವರೆಗೆ ಗೊತ್ತಿರಲಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಾನು ಊರಿಗೆ ಬಂದೆ. ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಹಗಲೆಲ್ಲ ಅಲ್ಲೇ ಕೂತು ಕೆಲಸ, ಸಂಜೆ ಕೆಳಗೆ ಅಜ್ಜನ ಹತ್ತಿರ. ಅಜ್ಜನಿಗೆ ಆಗ ತೊಂಬತ್ತು. ಕಣ್ಣು ಮಂಜಾಗಿ ಪೇಪರ್ ಓದುವುದು ನಿಂತಿತ್ತು. ನಮ್ಮಿಬ್ಬರ ನಡುವೆ ಮಾತೂ ನಿಂತಿತ್ತು. “ಉಂಡ್ಯಾ?” “ಉಂಡೆ.” “ಆಫೀಸ್ ಮುಗೀತಾ?” “ಮುಗೀತು.” ಅಷ್ಟೇ. ಹೊತ್ತು ಹೋಗಲೆಂದು ಒಂದು ದಿನ ಟ್ರಂಕು ತೆಗೆದೆ, ಈ ಪುಸ್ತಕ ಸಿಕ್ಕಿತು. “ಅಜ್ಜಾ, ಓದ್ಲೇನು?” ಎಂದೆ. “ಓದಪಾ” ಎಂದ.

ಗಾಂಧೀಜಿ 1942ರ ಆಗಸ್ಟ್‌ನಲ್ಲಿ ‘ಮಾಡು ಇಲ್ಲವೇ ಮಡಿ’ ಎಂದರು. ಕಟ್ಟೀಮನಿಯವರು ಪುಸ್ತಕಕ್ಕೆ ‘ಮಾಡಿ ಮಡಿದವರು’ ಎಂದು ಹೆಸರಿಟ್ಟರು. ‘ಇಲ್ಲವೇ’ ಎಂಬುದನ್ನು ತೆಗೆದುಬಿಟ್ಟರು. ಮಾಡಿದವರೂ ಅವರೇ, ಮಡಿದವರೂ ಅವರೇ. ಹೈಸ್ಕೂಲಿನಲ್ಲಿ ಇದು ನನ್ನ ತಲೆಗೆ ಹೋಗಿರಲಿಲ್ಲ. ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳುವಾಗ ಹೊಳೆಯಿತು. ಆ ರಾತ್ರಿ ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಇದನ್ನು ಬರೆದಿಟ್ಟೆ. ನನ್ನ ಬರವಣಿಗೆ ಶುರುವಾದದ್ದು ಹೀಗೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅಜ್ಜ ಕೈ ಎತ್ತಿ ನಿಲ್ಲಿಸಿದ. “ತಮ್ಮಾ, ಪುಸ್ತಕದಾಗಿನ ಮಂದಿ ಭಾಳ ಮಾತಾಡತಾರ. ಆವಾಗ ಯಾರೂ ಮಾತಾಡತಿದ್ದಿಲ್ಲ. ಮಾತಾಡಿದ್ರ ಪೊಲೀಸರಿಗೆ ಗೊತ್ತಾಕ್ಕೈತಿ ಅಂತ ಮನ್ಯಾಗೂ ಸುಮ್ಮನ ಇರತಿದ್ರು.”

ನಾನು ಪುಸ್ತಕ ಮುಚ್ಚಿದೆ. ಅವತ್ತು ಅಜ್ಜ ಹೇಳಿದ್ದು ಇದು. ಆಗ ಅವನಿಗೆ ಹನ್ನೆರಡು ವರ್ಷ. ಪಂಚಮಿ ಆಗಿತ್ತು, ಗಣಪತಿ ಇನ್ನೂ ಕೂತಿರಲಿಲ್ಲ. ಖಾನಾಪುರದ ಮಳೆ ನಿಮಗೆ ಗೊತ್ತೇ ಇದೆ. ಊರ ಹೊರಗೆ ಗುಡಿಸಲೊಂದರಲ್ಲಿ ಇಬ್ಬರು ಅಡಗಿದ್ದರು. ಯಾವೂರಿನವರು, ಹೆಸರೇನು, ಅವನಿಗೆ ಯಾರೂ ಹೇಳಲಿಲ್ಲ. ಅವನ ಅವ್ವ ಬಟ್ಟೆಯಲ್ಲಿ ರೊಟ್ಟಿ ಕಟ್ಟಿ, ಮೇಲೆ ಗೊಂಚಿ ಹೊದಿಸಿ ಕಳಿಸುತ್ತಿದ್ದಳು. ಯಾರಾದರೂ ಕೇಳಿದರೆ “ಎಮ್ಮಿ ಹುಡುಕಾಕ ಹೊಂಟೀನಿ” ಅನ್ನಬೇಕು. ಆರು ರೊಟ್ಟಿ, ಒಂದಿಷ್ಟು ಖಾರ. ಒಂದು ದಿನ ಮಳೆ ಜೋರಾಗಿ ಅವನು ಮರದ ಕೆಳಗೆ ನಿಂತ. ಹಸಿವಾಗಿತ್ತು. ಒಂದು ರೊಟ್ಟಿ ತಿಂದ. ಉಳಿದ ಐದು ಮುಟ್ಟಿಸಿದ. ಆ ಇಬ್ಬರೂ ಏನೂ ಕೇಳಲಿಲ್ಲ, ಒಬ್ಬರು ಅವನ ತಲೆ ಒರೆಸಿ ಕಳಿಸಿದರು. ಎರಡು ದಿನ ಬಿಟ್ಟು ಹೋದಾಗ ಗುಡಿಸಲು ಖಾಲಿ ಇತ್ತು. ಹಿಡಿದುಕೊಂಡು ಹೋದರೋ ತಾವೇ ಹೋದರೋ ಗೊತ್ತಾಗಲಿಲ್ಲ.

“ಅವರ ಪಾಲಿನ ರೊಟ್ಟಿ ನಾ ತಿಂದೆ” ಎಂದು ಅಜ್ಜ ಹೇಳಿದ. ಎಪ್ಪತ್ತೆಂಟು ವರ್ಷ ಆಗಿತ್ತು. ಅಜ್ಜಿಗೆ ಹೇಳಿರಲಿಲ್ಲ, ನಮ್ಮ ಅಪ್ಪನಿಗೆ ಹೇಳಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ.

ಅವತ್ತಿನಿಂದ ನನ್ನ ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಬಿತ್ತು. ಎಡಕ್ಕೆ ಕಟ್ಟೀಮನಿಯವರು ಬರೆದದ್ದರ ಬಗ್ಗೆ ನನ್ನ ಮಾತು, ಬಲಕ್ಕೆ ಅಜ್ಜ ಹೇಳಿದ್ದು. ಎರಡೂ ಹೊಂದದ ಕಡೆ ನಾನು ತೀರ್ಪು ಕೊಡಲಿಲ್ಲ, ಎರಡನ್ನೂ ಇಟ್ಟೆ. ಒಂದು ಪುಸ್ತಕ ಮುಗಿದ ಮೇಲೆ ಇನ್ನೊಂದು ಬೇಕಾಯಿತು. ಬಸ್ಸು ಶುರುವಾದ ಮೇಲೆ ರವಿವಾರ ಬೆಳಗಾವಿಗೆ ಹೋಗಿ ಗ್ರಂಥಾಲಯ, ಹಳೆ ಪುಸ್ತಕದ ಅಂಗಡಿ ಎಲ್ಲ ತಿರುಗಿದೆ. ಕೆಲವು ಪುಸ್ತಕ ಹೊಸದಾಗಿ ಸಿಕ್ಕವು, ಕೆಲವಕ್ಕೆ ರಟ್ಟು ಇರಲಿಲ್ಲ, ಕೆಲವು ಸಿಗಲೇ ಇಲ್ಲ. ‘ಖಾನಾವಳಿಯ ನೀಲಾ’ ಓದುವಾಗ ಅಡುಗೆಮನೆಯಿಂದ ಅವ್ವನೂ ಬಂದು ಕೂತಳು.

ಇಷ್ಟರಲ್ಲಿ ನನಗೆ ಸ್ವಲ್ಪ ಗರ್ವ ಬಂದಿತ್ತು. ನಿವೃತ್ತರಾಗಿದ್ದ ನಮ್ಮ ಕನ್ನಡ ಮಾಸ್ತರರ ಮನೆಗೆ ನೋಟ್‌ಬುಕ್ ಒಯ್ದು ಕೊಟ್ಟೆ. ಎಂಟು ದಿನ ಬಿಟ್ಟು ಹೋದರೆ ಹೈಸ್ಕೂಲಿನಂತೆಯೇ ಕೆಂಪು ಶಾಯಿ. ನಾನು ‘ಈ ಕಾದಂಬರಿ ಹೃದಯ ಮುಟ್ಟುತ್ತದೆ’ ಎಂದು ಬರೆದಿದ್ದೆ. ಅದರ ಕೆಳಗೆ ಅವರು ‘ಎಲ್ಲಿ ಮುಟ್ಟಿತು? ಪುಟ ಸಂಖ್ಯೆ ಬರಿ’ ಎಂದು ಬರೆದಿದ್ದರು. ನಮ್ಮ ಆಫೀಸಿನಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ತಪ್ಪು ತೋರಿಸುವ ಪದ್ಧತಿ ಇದೆ. ಅದರಲ್ಲಿ ಬಹಳ ವರ್ಷ ಪಳಗಿದವನು ನಾನು. ಆದರೂ ಆ ಎರಡು ಮಾತು ಮಾಡಿದಷ್ಟು ಕೆಲಸವನ್ನು ಬೇರೆ ಯಾರ ತಿದ್ದುಪಡಿಯೂ ಮಾಡಿಲ್ಲ. ಪುಟ ಸಂಖ್ಯೆ ಹುಡುಕಲು ಮತ್ತೆ ಓದಬೇಕಾಯಿತು. ಮತ್ತೆ ಓದಿದಾಗ ನಾನು ಮೆಚ್ಚಿದ ಕೆಲವು ಭಾಗಗಳು ಪೊಳ್ಳು ಎನಿಸಿದವು, ದಾಟಿ ಹೋಗಿದ್ದ ಕೆಲವು ಭಾಗಗಳು ನಿಂತವು.

ನೇರವಾಗಿ ಹೇಳಬೇಕೆಂದರೆ ಕಟ್ಟೀಮನಿಯವರಲ್ಲಿ ಕೊರತೆಗಳಿವೆ. ಅವಸರದಲ್ಲಿ ಬರೆದದ್ದು ಕೆಲವೆಡೆ ಕಾಣುತ್ತದೆ. ಸಿಟ್ಟು ಬಂದರೆ ಪಾತ್ರವನ್ನು ಬದಿಗೆ ಸರಿಸಿ ತಾವೇ ಮಾತಾಡಲು ನಿಲ್ಲುತ್ತಾರೆ. ಕೆಟ್ಟವರು ಪೂರ್ತಿ ಕೆಟ್ಟವರಾಗಿ ಬರುತ್ತಾರೆ. ಇದನ್ನೆಲ್ಲ ಬರೆಯುವಾಗ ಮೊದಲು ನನಗೆ ದ್ರೋಹ ಮಾಡಿದಂತೆ ಅನಿಸಿತು. ಮಾಸ್ತರರು ಅಂದರು, “ನಿಮ್ಮ ಅಜ್ಜನ ತಪ್ಪು ನಿನಗ ಗೊತ್ತಿಲ್ಲೇನು? ಗೊತ್ತಿದ್ರೂ ಅವನ ಮಗ್ಗಲದಾಗ ಕೂಡತೀಯಲ್ಲ, ಹಂಗ.” ನಿಜ. ಬರೀ ಹೊಗಳುತ್ತಿದ್ದಾಗ ಕಟ್ಟೀಮನಿ ನನಗೆ ಫೋಟೋದೊಳಗಿನ ದೊಡ್ಡ ಮನುಷ್ಯರಾಗಿದ್ದರು. ತಪ್ಪು ಕಂಡ ಮೇಲೆ ಬೆಳಗಾವಿಯ ಬಸ್ ನಿಲ್ದಾಣದಲ್ಲಿ ನಿಂತು ಜೋರಾಗಿ ವಾದ ಮಾಡುವ ನಮ್ಮ ಸೀಮೆಯ ಹಿರಿಯರೊಬ್ಬರಾದರು. ಸಿಟ್ಟು ಯಾಕೆ ಬರುತ್ತದೆ ಎಂಬುದೂ ತಿಳಿಯಿತು. ಕಂಡದ್ದನ್ನು ಸುಮ್ಮನೆ ನುಂಗುವ ಊರುಗಳಲ್ಲಿ ಯಾರೋ ಒಬ್ಬರು ಹೆಚ್ಚು ಮಾತಾಡಬೇಕಿತ್ತು. ಅಜ್ಜ ‘ಪುಸ್ತಕದ ಮಂದಿ ಭಾಳ ಮಾತಾಡತಾರ’ ಎಂದದ್ದಕ್ಕೆ ಉತ್ತರ ಅದೇ ಎಂದು ನನಗೆ ಅನಿಸುತ್ತದೆ. ಅವರು ಅಷ್ಟು ಮಾತಾಡಿದ್ದರಿಂದಲೇ ಅಜ್ಜ ಬಾಯಿ ಬಿಟ್ಟ.

ಇನ್ನೊಂದು ಸಂಗತಿ. ನನ್ನ ತರಗತಿಯ ಗೆಳೆಯ ಇಲ್ಲೇ ಕೂತಿದ್ದಾನೆ, ಹೆಸರು ಹೇಳಿದರೆ ಬೈಯುತ್ತಾನೆ. ಅವರ ಮನೆಮಾತು ಮರಾಠಿ. ಅವರ ಅಂಗಳದಲ್ಲಿ ಒಂದು ಸಂಜೆ ಅಜ್ಜನ ರೊಟ್ಟಿಯ ಕಥೆ ಹೇಳಿದೆ. ಅವರ ತಾಯಿ, ಕಾಕು, ಪೂರ್ತಿ ಕೇಳಿ, ಅವರ ಅತ್ತೆಯೂ ಆ ದಿನಗಳಲ್ಲಿ ಯಾರಿಗೋ ಭಾಕರಿ ಬಡಿದು ಕೊಡುತ್ತಿದ್ದಳಂತೆ ಎಂದರು. ಯಾರಿಗೆ ಎಂದು ಅವರಿಗೂ ಗೊತ್ತಿಲ್ಲ. ಅದೇ ಗುಡಿಸಲೋ ಬೇರೆಯದೋ ಹೇಳಲಾಗದು. ಆ ಮಾತನ್ನು ನಾನು ಅವರ ಮರಾಠಿಯಲ್ಲೇ ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಎರಡು ಭಾಷೆ ಕಿವಿಗೆ ಬೀಳುತ್ತ ಬೆಳೆದ ತಾಲ್ಲೂಕು ನಮ್ಮದು. ಮಳೆಯಲ್ಲಿ ಹೋದ ಬುತ್ತಿಯಲ್ಲಿ ರೊಟ್ಟಿಯೂ ಇತ್ತು, ಭಾಕರಿಯೂ ಇತ್ತು.

2021ರ ಚಳಿಗಾಲದಲ್ಲಿ ಅಜ್ಜ ತೀರಿಕೊಂಡ. ದಿನಕರ್ಮ ಮುಗಿದ ಸಂಜೆ ಬೀಗರು ನೆಂಟರು ಕೂತಿದ್ದಾಗ ಅಪ್ಪ ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡ. ನಮ್ಮ ಅಪ್ಪ ಏಳನೆಯ ಇಯತ್ತೆಯವರೆಗೆ ಕಲಿತವನು, ನಾನು ಬರೆದ ಏನನ್ನೂ ಓದಿದವನಲ್ಲ. ಬಲಗಡೆಯ ಭಾಗವನ್ನಷ್ಟೇ ತಡವರಿಸುತ್ತ ಓದಿದ. ರೊಟ್ಟಿ ತಿಂದ ಕಡೆ ಬಂದಾಗ ನಿಲ್ಲಿಸಿ ಕನ್ನಡಕ ಒರೆಸಿಕೊಂಡು, “ಇದು ನನಗೂ ಹೇಳಿರಲಿಲ್ಲ” ಎಂದ. ಬರೆಯದೆ ಇದ್ದರೆ ಆ ಮಾತು ಅಜ್ಜನ ಜೊತೆಗೇ ಮಣ್ಣಾಗುತ್ತಿತ್ತು. ಕಟ್ಟೀಮನಿಯವರ ಬಗ್ಗೆ ಬರೆದು ನಾನು ಹಣ ಗಳಿಸಿಲ್ಲ, ಪ್ರಶಸ್ತಿ ಬಂದಿಲ್ಲ. ನನ್ನ ಟಿಪ್ಪಣಿ ಓದಿದವರು ಹತ್ತು ಹನ್ನೆರಡು ಮಂದಿ ಇರಬಹುದು. ನನಗೆ ಸಿಕ್ಕ ಫಲ ಅಪ್ಪ ಓದಿದ ಆ ಸಂಜೆ.

ಮಕ್ಕಳೇ, ನಿಮಗೆ ಒಂದೇ ಒಂದು ವಿನಂತಿ. ನಮ್ಮ ಜಿಲ್ಲೆಯಲ್ಲಿ ಲೇಖಕರಿಗೆ ಬರವಿಲ್ಲ. ಕಟ್ಟೀಮನಿ ಇದ್ದಾರೆ, ಬೆಟಗೇರಿ ಕೃಷ್ಣಶರ್ಮರು ಇದ್ದಾರೆ, ಘೋಡಗೇರಿಯಲ್ಲಿ ಹುಟ್ಟಿ ಜ್ಞಾನಪೀಠದವರೆಗೆ ಹೋದ ಚಂದ್ರಶೇಖರ ಕಂಬಾರರು ಇದ್ದಾರೆ. ನಿಮಗೆ ರುಚಿಸಿದ ಒಬ್ಬರನ್ನು ಹಿಡಿಯಿರಿ. ಒಂದು ಪುಸ್ತಕಕ್ಕೆ ಬಿಡದೆ ಅವರ ನಾಲ್ಕಾರು ಪುಸ್ತಕ ಓದಿರಿ. ಮನೆಯಲ್ಲಿ ಹಿರಿಯರಿದ್ದರೆ ಗಟ್ಟಿಯಾಗಿ ಓದಿ ಹೇಳಿರಿ, ಅವರು ನಡುವೆ ಮಾತಾಡಿದರೆ ಪುಸ್ತಕ ಮುಚ್ಚಿ ಕೇಳಿರಿ. ರಾತ್ರಿ ನಾಲ್ಕು ಸಾಲು ಬರೆಯಿರಿ. ಪುಟ ಸಂಖ್ಯೆ ಮರೆಯಬೇಡಿ.

ಕೊನೆಗೆ ಸಾಲದ ಲೆಕ್ಕ. ಅಜ್ಜನಿಗೆ ಪುಸ್ತಕದ ಮೇಲಿನ ಶಾಲೆಯ ಮುದ್ರೆಯನ್ನು ಒಮ್ಮೆ ತೋರಿಸಿದ್ದೆ. “ತಂದದ್ದು ತಿರುಗಿ ಕೊಡಬೇಕಪಾ, ನನ್ನಂಗ ಇಟಗೋಬ್ಯಾಡ” ಎಂದಿದ್ದ. ದಿನಕ್ಕೆ ಹತ್ತು ಪೈಸೆ ದಂಡ ಎಂದು ಹಿಡಿದರೂ ಇಪ್ಪತ್ತು ವರ್ಷಕ್ಕೆ 730 ರೂಪಾಯಿ ಆಗುತ್ತದೆ. ಆ ಹಣದ ಬದಲು ನಾನು ಹುಡುಕಿ ತಂದ ಕಟ್ಟೀಮನಿಯವರ ಇನ್ನೂ ಕೆಲವು ಪುಸ್ತಕಗಳು, ಮತ್ತು ನೋಟ್‌ಬುಕ್ಕಿನ ಒಂದು ಜೆರಾಕ್ಸ್ ಪ್ರತಿ ಇಲ್ಲಿವೆ. ಬಲಗಡೆ ಖಾಲಿ ಜಾಗ ಇನ್ನೂ ಬಹಳ ಉಳಿದಿದೆ. ಊರಿನ ಹಿರಿಯರಿಗೆ ನೆನಪಾದದ್ದನ್ನು ಮಕ್ಕಳು ಕೇಳಿ ಅಲ್ಲಿ ಬರೆಯಬಹುದು.

ಗುರುಗಳೇ, ತಡವಾಗಿದೆ, ಕ್ಷಮಿಸಿ. ಕಪಾಟಿನ ಕೀಲಿ ಈಗ ಯಾರ ಹತ್ತಿರ ಇದೆಯೋ ಅವರು ಬಂದು ಪುಸ್ತಕ ತೆಗೆದುಕೊಳ್ಳಬೇಕು, ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ‘ಮರಳಿ ಬಂದಿದೆ’ ಎಂದು ಬರೆಯಬೇಕು.